ಗರ್ಭದ ಮೊದಲ ವಾರಗಳಲ್ಲಿ ಶುಗರ್ ಇಳಿದರೆ ಭ್ರೂಣಕ್ಕೆ ಏನಾಗುತ್ತದೆ?

ಕಲಬುರಗಿಯಿಂದ ನೀವು ಕೇಳಿದ್ದೀರಿ: ಇನ್ಸುಲಿನ್ ತಗೊಳ್ಳುವ ತಂಗಿಗೆ ಈಗ ಏಳನೇ ವಾರ, ಶ್ರಾವಣ ಸೋಮವಾರದ ಉಪವಾಸದಲ್ಲಿ ಶುಗರ್ 62ಕ್ಕೆ ಇಳಿಯಿತು, ಮಗುವಿಗೆ ತೊಂದರೆ ಆಗುತ್ತಾ?

ಗಾಬರಿ ಬೇಡ. ಹೀಗೆ ಸ್ವಲ್ಪ ಹೊತ್ತು ಇಳಿದು ಸರಿಹೋದರೆ ಮಗುವಿಗೆ ಊನ ಆಗುತ್ತದೆ ಅಂತ ಮನುಷ್ಯರಲ್ಲಿ ಸಾಬೀತಾಗಿಲ್ಲ. ಆದರೆ ತುಂಬಾ ಹೊತ್ತು ಹಾಗೇ ಬಿಡಬಾರದು. ಲ್ಯಾಬಿನಲ್ಲಿ ಇಲಿಯ ಭ್ರೂಣಗಳನ್ನು ಸಕ್ಕರೆ ಕಡಿಮೆ ಇರುವ ದ್ರವದಲ್ಲಿ ಬೆಳೆಸಿದಾಗ ಬೆಳವಣಿಗೆ ಕುಂಠಿತವಾಯಿತು. ಕೆಲವದರಲ್ಲಿ ಮುಂದೆ ಮಿದುಳಾಗುವ ಕೊಳವೆ ಸರಿಯಾಗಿ ಮುಚ್ಚಲೇ ಇಲ್ಲ.

ಯಾಕೆ ಅಂದರೆ, ಆಗಿನ್ನೂ ಮಾಸು ಪೂರ್ತಿ ತಯಾರಾಗಿರುವುದಿಲ್ಲ, ಭ್ರೂಣಕ್ಕೆ ಸಿಗುವ ಆಮ್ಲಜನಕ ಕಡಿಮೆ. ಅದು ಮುಖ್ಯವಾಗಿ ಸಕ್ಕರೆಯನ್ನೇ ಒಡೆದು ಶಕ್ತಿ ಪಡೆಯುತ್ತದೆ. ನಾವು ಹಸಿದಾಗ ಮೈಯ ಕೊಬ್ಬು ಕರಗುತ್ತದೆ, ಅಲ್ವಾ? ಆ ಪುಟ್ಟ ಜೀವಕ್ಕೆ ಅಂಥ ದಾಸ್ತಾನು ಇಲ್ಲ. ಇನ್ನೊಂದು ಸಮಾಧಾನದ ಮಾತು: ಮನುಷ್ಯರಲ್ಲಿ ಆ ಕೊಳವೆ ಗರ್ಭ ಕಟ್ಟಿ ಸುಮಾರು 28 ದಿನಕ್ಕೇ ಮುಚ್ಚಿರುತ್ತದೆ.

ಶುಗರ್ 70ಕ್ಕಿಂತ ಕೆಳಗೆ ಬಂದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡಿ. ಆಮೇಲೆ ಅರ್ಧ ಜೋಳದ ರೊಟ್ಟಿ ತಿನ್ನಲಿ. ಉಪವಾಸ ಈ ವರ್ಷ ಬಿಡಿಸಿ. ಆದರೆ ಹೆದರಿ ಇನ್ಸುಲಿನ್ ನಿಲ್ಲಿಸಬೇಡಿ. ಈ ವಾರಗಳಲ್ಲಿ ಶುಗರ್ ಜಾಸ್ತಿಯಾಗುವುದೇ ಮಗುವಿಗೆ ದೊಡ್ಡ ಅಪಾಯ. ಡೋಸ್ ಬದಲಿಸಬೇಕಾ ಅಂತ ನಾಳೆಯೇ ಡಾಕ್ಟರನ್ನು ಕೇಳಿ.