ಗಂಟಿನಿಂದಲೇ ಶುರು ಮಾಡಿ

ನಮಸ್ಕಾರ,

ಮೋಟರ್, ಜನರೇಟರ್‌ಗಳ ಇನ್ಸುಲೇಷನ್‌ಗೆ (ತಂತಿ ಸುತ್ತಲಿನ ಎಪಾಕ್ಸಿ ಎಂಬ ಗಟ್ಟಿ ಅಂಟಿಗೆ) ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳ ನ್ಯಾನೊ ಪುಡಿ ಬೆರೆಸುವ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅಚ್ಚಿಗೆ ಹಾಕಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ತಿದ್ದಿ ಬರೆಯಿರಿ.

ಮೊದಲು ತಪ್ಪು ಹೇಳಿಬಿಡುತ್ತೇನೆ. 'ಎಪಾಕ್ಸಿಗೆ ನ್ಯಾನೊ ಸಿಲಿಕಾ ಬೆರೆಸಿದರೆ ಆಂಶಿಕ ವಿಸರ್ಜನೆ ಪೂರ್ತಿ ನಿಲ್ಲುತ್ತದೆ' ಎಂದಿದ್ದೀರಿ. ನಿಲ್ಲುವುದಿಲ್ಲ. ಒಳಗೆ ಒಂದು ಗಾಳಿಗುಳ್ಳೆ ಉಳಿದಿದ್ದರೂ ಸಾಕು, ವೋಲ್ಟೇಜ್ ಜಾಸ್ತಿಯಾದಾಗ ಅಲ್ಲಿ ಕಿಡಿ ಹಾರುತ್ತದೆ, ಆಂಶಿಕ ವಿಸರ್ಜನೆ ಎಂದರೆ ಅದೇ. ನಮ್ಮ 50 ಹರ್ಟ್ಜ್ ಕರೆಂಟಿನಲ್ಲಿ ವೋಲ್ಟೇಜ್ ಸೆಕೆಂಡಿಗೆ 100 ಸಲ (ಪ್ರತಿ ಸುತ್ತಿಗೆ ಎರಡು ಸಲ) ತುದಿ ಮುಟ್ಟುತ್ತದೆ. ದಿನವಿಡೀ ಆ ಕಿಡಿಗಳು ಎಪಾಕ್ಸಿಯನ್ನು ಕೆರೆಯುತ್ತಲೇ ಇರುತ್ತವೆ. ಎಪಾಕ್ಸಿ ಸವೆಯುತ್ತದೆ, ಮರಳಿನ ಜಾತಿಯ ಸಿಲಿಕಾ ಅಷ್ಟು ಸುಲಭಕ್ಕೆ ಸವೆಯದು. ಸವೆದ ಜಾಗದಲ್ಲಿ ಸಿಲಿಕಾ ಕಣಗಳು ಉಳಿದು ಪದರ ಕಟ್ಟುತ್ತವೆ, ಕೆಳಗಿನ ಎಪಾಕ್ಸಿಯನ್ನು ಕಾಯುತ್ತವೆ. ಕಿಡಿ ಇದ್ದೇ ಇರುತ್ತದೆ, ಸವೆತ ನಿಧಾನವಾಗುತ್ತದೆ. ಇದನ್ನು ಸರಿಯಾಗಿ ಹೇಳದಿದ್ದರೆ ಲೇಖನಕ್ಕೆ ಬುಡವೇ ಇಲ್ಲ, ಅಲ್ವಾ?

'ಆಂಶಿಕ ವಿಸರ್ಜನೆ' ಬೇಡ. ಪಾರ್ಷಿಯಲ್ ಡಿಸ್ಚಾರ್ಜ್ ಎಂದೇ ಬರೆಯಿರಿ, ಕೆಲಸದವರು ಹಾಗೇ ಅನ್ನುವುದು.

'ಬಾಳಿಕೆ ಐದು ಪಟ್ಟು' ಎಂದಿದ್ದೀರಿ. ಯಾವುದಕ್ಕಿಂತ? ಎಷ್ಟು ವೋಲ್ಟೇಜಿನಲ್ಲಿ? ಅಳೆದದ್ದು ಕಿಡಿ ಕೊರೆದ ಗುಳಿಯ ಆಳವೋ, ತೂತು ಬೀಳಲು ಹಿಡಿದ ಸಮಯವೋ? ಗೊತ್ತಿಲ್ಲದಿದ್ದರೆ ಆ ಮಾತು ತೆಗೆಯಿರಿ.

ಇನ್ನು ನಿಮ್ಮ ಆರನೇ ಪುಟ. ನೀವೇ ಕಲಸಿದ ಎಪಾಕ್ಸಿಯನ್ನು ಬೆಳಕಿಗೆ ಹಿಡಿದಾಗ ಬಿಳಿ ಚುಕ್ಕೆ ಕಂಡವು, ಆ ಮಾದರಿ ಬರೀ ಎಪಾಕ್ಸಿಗಿಂತ ಬೇಗ ಕೆಟ್ಟಿತು ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನಾನು ಎದ್ದು ಕೂತದ್ದೇ ಅಲ್ಲಿ! ಅಂಬಲಿಗೆ ರಾಗಿಹಿಟ್ಟು ಸುಮ್ನೆ ಸುರಿದರೆ ಗಂಟಾಗುತ್ತದಲ್ಲ, ಆ ಬಿಳಿ ಚುಕ್ಕೆಗಳೂ ಹಾಗೇ, ಸಿಲಿಕಾದ ಗಂಟುಗಳು. ಕಣ ಸಣ್ಣದಾದಷ್ಟೂ ಒಂದಕ್ಕೊಂದು ಅಂಟಿಕೊಳ್ಳುವುದು ಜಾಸ್ತಿ. ಗಂಟಿನ ನಡುವೆ ಗಾಳಿ ಸಿಕ್ಕಿಕೊಂಡರೆ ಕಿಡಿಗೆ ಹೊಸ ಮನೆ ಮಾಡಿಕೊಟ್ಟಂತೆ. ಅದಕ್ಕೇ ಕಣಗಳನ್ನು ಎಪಾಕ್ಸಿಗೆ ಹೊಂದಿಸುವ ಸಿಲೇನ್ ಎಂಬ ರಾಸಾಯನಿಕದ ಲೇಪ ಕೊಡುವುದು, ಬಲವಾಗಿ ಕಲಸುವುದು, ವ್ಯಾಕ್ಯೂಮ್‌ನಲ್ಲಿಟ್ಟು ಗುಳ್ಳೆ ತೆಗೆಯುವುದು. ಈ ಮೂರರಲ್ಲಿ ನೀವು ಯಾವುದನ್ನು ಮಾಡಿದಿರಿ, ಯಾವುದನ್ನು ಬಿಟ್ಟಿರಿ ಎಂದು ಬರೆದಿಲ್ಲ. ಸೋತ ಮಾದರಿ ಎಂದು ನಾಚಿಕೆ ಬೇಡ. ಆ ಬಿಳಿ ಚುಕ್ಕೆಯನ್ನೇ ಮೊದಲ ಸಾಲಿಗೆ ತನ್ನಿ. ಮೊದಲ ಎರಡು ಪುಟದ 'ನ್ಯಾನೊ ಯುಗ'ದ ಪೀಠಿಕೆ ಪೂರ್ತಿ ಹೋಗಲಿ.

ಆ ಕೆಟ್ಟ ಮಾದರಿಯನ್ನು ಎಸೆದಿಲ್ಲ ತಾನೆ? ಇದ್ದರೆ ಹತ್ತಿರದಿಂದ ಒಂದು ಫೋಟೋ ತೆಗೆದು ಹೊಸ ಪ್ರತಿಯ ಜೊತೆ ಕಳಿಸಿ.