ಹಾನಗಲ್ಲಿಗೆ ಯಾವ ಬಣ್ಣ?

ಹಾವೇರಿ ಜಿಲ್ಲೆಯ ಹಾನಗಲ್ ತಾಲ್ಲೂಕಿನ ಓದುಗರೊಬ್ಬರ ಪತ್ರ: ‘ಮಗಳಿಗೆ ಶಾಲೆಯಲ್ಲಿ ಕರ್ನಾಟಕದ ನಕ್ಷೆ ಕೊಟ್ಟು ಕರಾವಳಿ, ಮಲೆನಾಡು, ಮೈದಾನಕ್ಕೆ ಬೇರೆ ಬೇರೆ ಬಣ್ಣ ತುಂಬಲು ಹೇಳಿದ್ದರು. ಅವಳು ನಮ್ಮ ತಾಲ್ಲೂಕಿಗೆ ಅರ್ಧ ಹಸಿರು, ಅರ್ಧ ಹಳದಿ ಹಚ್ಚಿದಳು. ಒಂದು ಅಂಕ ಹೋಯಿತು. ಶಿರಸಿಯ ನೆಂಟರು ನಮ್ಮನ್ನು ಬಯಲುಸೀಮೆಯವರು ಅಂತಾರೆ. ಗದಗಿನ ಬೀಗರು ಮಲೆನಾಡಿನವರು ಅಂತಾರೆ. ಹಾಗಾದರೆ ನಾವು ಯಾರು?’

ಸಂಪಾದಕರ ಉತ್ತರ:

ಮೊದಲು ಮಗಳಿಗೆ ಹೇಳಿಬಿಡಿ, ಅವಳ ಬಣ್ಣ ಸರಿಯಾಗಿದೆ. ಅಂಕ ವಾಪಸ್ ಕೊಡಿಸುವುದು ಮಾತ್ರ ನನ್ನ ಕೈಲಿಲ್ಲ.

ನಕ್ಷೆಯ ಪಡುವಣ ಬದಿಯಲ್ಲಿ ಈ ತಕರಾರೇ ಬರುವುದಿಲ್ಲ. ಕರಾವಳಿ ಎಲ್ಲಿ ಮುಗಿಯಿತು ಅಂತ ಯಾರನ್ನೂ ಕೇಳಬೇಕಾಗಿಲ್ಲ. ಸೋಮೇಶ್ವರದಿಂದ ಆಗುಂಬೆಗೆ ಬಸ್ಸು 14 ತಿರುವು ಹತ್ತುತ್ತದೆ. ಕೆಳಗೆ ಬೆವರು, ಮೇಲೆ ಮಂಜು. ‘ಘಟ್ಟದ ಮೇಲಿನವರು’, ‘ಘಟ್ಟದ ಕೆಳಗಿನವರು’ ಅಂತ ಜನರ ಮಾತಿನಲ್ಲೇ ಗೆರೆ ಬಿದ್ದಿದೆ. ಅದನ್ನು ಎಳೆದದ್ದು ಬಂಡೆ.

ನಿಮ್ಮ ಕಡೆ ಇಳಿಯುವುದಕ್ಕೆ ಘಟ್ಟವೇ ಇಲ್ಲ. ಸಹ್ಯಾದ್ರಿ ಪಡುವಣಕ್ಕೆ ಗೋಡೆಯ ಹಾಗೆ ಕಡಿದಾಗಿದೆ, ಮೂಡಣಕ್ಕೆ ಸೆರಗಿನ ಹಾಗೆ ಹರಡಿದೆ. ಈ ಬದಿಯಲ್ಲಿ ಗಡಿ ಹಾಕುವುದು ಮಳೆ. ಅರಬ್ಬೀ ಸಮುದ್ರದ ಹಸಿಗಾಳಿ ಗುಡ್ಡಕ್ಕೆ ತಾಗಿ ಮೇಲೇರುತ್ತದೆ, ತಣಿಯುತ್ತದೆ, ಹೊತ್ತು ತಂದದ್ದನ್ನು ಅಲ್ಲೇ ಸುರಿಯುತ್ತದೆ. ಗುಡ್ಡ ದಾಟಿ ಇಳಿಯುವಾಗ ಬಿಸಿಯಾಗಿ ಒಣಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ. ಚಳ್ಳಕೆರೆಯಲ್ಲಿ 500 ಆಗುವುದೂ ಕಷ್ಟ. ನೇರ ಗೆರೆ ಎಳೆದರೆ ನಡುವೆ ಇರುವುದು 200 ಕಿಲೋಮೀಟರ್ ಆಸುಪಾಸು ಅಷ್ಟೇ.

ಆದರೆ ಮಳೆ ಬಾಗಿಲು ಹಾಕಿದ ಹಾಗೆ ಒಮ್ಮೆಗೇ ನಿಲ್ಲುವುದಿಲ್ಲ. ಊರಿಂದ ಊರಿಗೆ ಕರಗುತ್ತಾ ಹೋಗುತ್ತದೆ. ಹಾನಗಲ್ ಇರುವುದು ಆ ಕರಗುವ ಜಾಗದಲ್ಲಿ. ಹಿರಿಯರು ಇಂಥ ಸೀಮೆಗೆ ಅರೆಮಲೆನಾಡು ಅಂದರು. ಕೃಷಿಯವರು ರಾಜ್ಯವನ್ನು ಮೂರಲ್ಲ, 10 ವಲಯ ಮಾಡಿಕೊಂಡಿದ್ದಾರೆ. ಅದರಲ್ಲಿ ಮೂರಕ್ಕೆ ಪರಿವರ್ತನಾ ವಲಯ ಅಂತಲೇ ಹೆಸರು.

ಹೆಸರು ಬಿಡಿ, ನಿಮ್ಮ ಹೊಲಕ್ಕೇ ಹೋಗೋಣ. ಭತ್ತ ಹೆಚ್ಚು ಮಳೆಯವರ ಬೆಳೆ. ಶಿರಸಿ, ಸಾಗರದ ಕಡೆ ಸಸಿಮಡಿ ಮಾಡಿ, ಕೆಸರಿನಲ್ಲಿ ನಾಟಿ ಹಾಕುತ್ತಾರೆ. ಕೂರಿಗೆ ಬಯಲಿನವರ ಸಲಕರಣೆ, ಜೋಳ ಬಿತ್ತುವುದಕ್ಕೆ. ನಿಮ್ಮವರು ಭತ್ತವನ್ನೇ ಕೂರಿಗೆಗೆ ಹಾಕಿದರು! ಮುಂಗಾರು ಶುರುವಾಗುವ ಹೊತ್ತಿಗೆ ಒಣ ಹೊಲದಲ್ಲಿ ಸಾಲು ಹಿಡಿದು ಬಿತ್ತುವುದು, ಸಾಲಿನ ನಡುವೆ ಎಡೆಕುಂಟೆ ಹೊಡೆಯುವುದು, ಮಳೆ ಜೋರಾದ ಮೇಲೆ ಬದು ಕಟ್ಟಿ ನೀರು ನಿಲ್ಲಿಸುವುದು. ಜೂನಿನಲ್ಲಿ ಅದು ಬಯಲಿನ ಹೊಲ, ಆಗಸ್ಟಿನಲ್ಲಿ ಮಲೆನಾಡಿನ ಗದ್ದೆ. ಮೊದಲ ಸಲ ನೋಡಿದಾಗ ನಾನು ನವಣೆ ಅಂದುಕೊಂಡು, ಹಾಗೇ ಬಾಯಿಬಿಟ್ಟು ಹೇಳಿ, ನಗೆಪಾಟಲಾಗಿದ್ದೆ. ಈಗ ಅದೇ ಹೊಲಗಳಿಗೆ ಗೋವಿನಜೋಳ ಜಾಸ್ತಿ ನುಗ್ಗಿದೆ.

ಊರು ಕಟ್ಟಿದ ರೀತಿಯಲ್ಲೂ ನೀವು ಎರಡೂ ಕಡೆಯವರು. ಶಿರಸಿ ಕಡೆ ತೋಟಕ್ಕೊಂದು ಮನೆ, ಪಕ್ಕದ ಮನೆ ಕೂಗಳತೆಯಲ್ಲಿ. ಎಲ್ಲೆಲ್ಲೂ ನೀರಿದ್ದರೆ ಎಲ್ಲಿ ಬೇಕಾದರೂ ಇರಬಹುದು, ಅಲ್ವಾ? ಗದಗಿನ ಬೆಳವಲದಲ್ಲಿ ಹಾಗಾಗದು. ಇರುವ ಕೆರೆ, ಬಾವಿಯ ಸುತ್ತ ಗೋಡೆಗೆ ಗೋಡೆ ಹಚ್ಚಿ ಮನೆ, ಅಗಸಿ, ಅಂದರೆ ಊರಬಾಗಿಲು, ದಾಟಿದರೆ ಕಪ್ಪು ಮಣ್ಣಿನ ಎರೆಹೊಲ. ನಿಮ್ಮಲ್ಲಿ ಮನೆಗಳು ಬೆಳವಲದ ಹಾಗೆ ಒತ್ತಾಗಿವೆ, ಆದರೆ ಮಾಡು ಮಲೆನಾಡಿನ ಹಾಗೆ ಇಳಿಜಾರು, ಹಂಚಿನದು. ಮೇಲ್ಮುದ್ದೆಯ, ಅಂದರೆ ಮಣ್ಣಿನ ಮಟ್ಟಸ ಚಾವಣಿಯ ಮನೆ ನೋಡಬೇಕಾದರೆ ಇನ್ನೂ ಮೂಡಣಕ್ಕೆ ಹೋಗಬೇಕು. ಈಗಂತೂ ಎಲ್ಲ ಕಡೆ ಆರ್‌ಸಿಸಿ. ಚಾವಣಿ ನೋಡಿ ಸೀಮೆ ಹೇಳುವ ಕಾಲ ಹೋಯಿತು.

ಅಡಿಕೆ ನೋಡಿ ಹೇಳುವುದೂ ಕಷ್ಟ. ಕಾಲುವೆ, ಬೋರ್‌ವೆಲ್ ನಂಬಿಕೊಂಡು ಅದು ಚನ್ನಗಿರಿಯ ಬಯಲಿಗೂ ಇಳಿದಿದೆ.

ಇನ್ನು ‘ಮೈದಾನ’ ಅನ್ನುವ ಆ ಒಂದೇ ಹಳದಿ. ವಿಜಯಪುರದ ಎರೆಮಣ್ಣು ಮಳೆಗಾಲದ ಹಸಿಯನ್ನು ಹಿಡಿದಿಟ್ಟು ಹಿಂಗಾರಿ ಜೋಳ ಬೆಳೆಸುತ್ತದೆ. ಕೋಲಾರದ ಕೆಂಪು ಮಣ್ಣಿನಲ್ಲಿ ರಾಗಿ. ಎರಡಕ್ಕೂ ಒಂದೇ ಬಣ್ಣದ ಪೆನ್ಸಿಲ್ ಕೊಟ್ಟವರು ನಿಮ್ಮ ಮಗಳ ಅಂಕ ಕಳೆದರಲ್ಲ!

ವರದಾ ನದಿಯನ್ನು ಮರೆಯಬೇಡಿ. ಸಾಗರದ ಇಕ್ಕೇರಿ ಹತ್ತಿರ ಹುಟ್ಟುತ್ತಾಳೆ. ಅದೇ ಸೀಮೆಯ ಶರಾವತಿ ಪಡುವಣಕ್ಕೆ ಓಡಿ ಜೋಗದಲ್ಲಿ ಧುಮುಕಿದರೆ, ಇವಳು ಬನವಾಸಿ ಸುತ್ತಿ ನಿಮ್ಮ ಕಡೆ ಬಂದು, ಮುಂದೆ ತುಂಗಭದ್ರೆಯನ್ನು ಸೇರುತ್ತಾಳೆ. ನಿಮ್ಮಲ್ಲಿ ಬಿಸಿಲಿದ್ದ ದಿನವೂ ಕೆಂಪಗೆ ತುಂಬಿ ಬರುತ್ತಾಳಲ್ಲ, ಅದು ಶಿರಸಿ, ಸೊರಬದ ಮಳೆ. ಮುಂದಿನ ಸಲ ನೆಂಟರು ಬಯಲುಸೀಮೆ ಅಂದಾಗ ಅವರನ್ನು ವರದೆಯ ದಂಡೆಗೆ ಕರೆದುಕೊಂಡು ಹೋಗಿ.

ನನ್ನದೂ ಒಂದು ಪ್ರಶ್ನೆ. ನಿಮ್ಮೂರಲ್ಲಿ ಈ ವರ್ಷ ಭತ್ತಕ್ಕೆ ಕೂರಿಗೆ ಹೂಡಿದವರು ಎಷ್ಟು ಮನೆಯವರು? ಮಗಳ ಕೈಲೇ ಎಣಿಸಿ, ಬರೆದು ಕಳಿಸಿ.