ಬೋಟಿನ ವಿಎಚ್‌ಎಫ್ ಸೆಟ್: ಕೇಳುತ್ತದೆ, ಮಾತು ಹೋಗುವುದಿಲ್ಲ

ನಮಸ್ಕಾರ. ಕಾರವಾರದ ಬೈತಖೋಲ ಬಂದರಿನಲ್ಲಿರುವ ನಿಮ್ಮ ಬೋಟಿನ ವಿಎಚ್‌ಎಫ್ ಸೆಟ್ಟಿನಲ್ಲಿ (ಬೋಟುಗಳು ಪರಸ್ಪರ ಮಾತನಾಡುವ ರೇಡಿಯೋದಲ್ಲಿ) ಬೇರೆಯವರ ಮಾತು ಚೆನ್ನಾಗಿ ಕೇಳುತ್ತದೆ, ಆದರೆ ಮೈಕಿನ ಗುಂಡಿ ಒತ್ತಿದ ಕೂಡಲೇ ಪರದೆ ಮಂಕಾಗಿ ನಿಮ್ಮ ಮಾತು ಯಾರಿಗೂ ಮುಟ್ಟುವುದಿಲ್ಲ ಎಂದು ಬರೆದಿದ್ದೀರಿ. ದಯವಿಟ್ಟು ಹೊಸ ಸೆಟ್ ಕೊಳ್ಳಲು ಅವಸರಪಡಬೇಡಿ. ಈ ಲಕ್ಷಣಕ್ಕೆ ಹೆಚ್ಚಾಗಿ ಕಾರಣವಾಗುವುದು ಸೆಟ್ಟಲ್ಲ, ಅದಕ್ಕೆ ಕರೆಂಟು ತರುವ ವೈರು.

ಕೇಳುವಾಗ ಸೆಟ್ಟಿಗೆ ಅರ್ಧ ಆಂಪಿಯರ್ ಆಸುಪಾಸು ಸಾಕು, 25 ವ್ಯಾಟಿನಲ್ಲಿ ಮಾತನಾಡುವಾಗ ಐದಾರು ಆಂಪಿಯರ್ ಬೇಕು. ಮೊದಲು ಸೆಟ್ಟಿನ ಪವರನ್ನು 1 ವ್ಯಾಟಿಗೆ ಇಳಿಸಿ ಹತ್ತಿರದ ಬೋಟಿನವರೊಡನೆ ಮಾತನಾಡಿ ನೋಡಿ. ಅದು ಸರಿಯಾಗಿ ಹೋದರೆ ಅನುಮಾನ ಇನ್ನಷ್ಟು ಗಟ್ಟಿಯಾಯಿತು. ಅನಂತರ ಮಲ್ಟಿಮೀಟರನ್ನು ಸೆಟ್ಟಿನ ಹಿಂದಿನ ವೈರಿಗೆ ಹಿಡಿದು, 25 ವ್ಯಾಟಿನಲ್ಲಿ ಗುಂಡಿ ಒತ್ತಿರುವಾಗಲೇ ಓದಿಕೊಳ್ಳಿ. ಬ್ಯಾಟರಿಯ ತುದಿಯಲ್ಲಿ 12.5 ವೋಲ್ಟ್ ಇದ್ದು ಇಲ್ಲಿ 10.5ಕ್ಕೆ ಕುಸಿದರೆ ದೋಷ ನಡುವಿನ ದಾರಿಯಲ್ಲಿದೆ. ಫ್ಯೂಸಿನ ಹಿಡಿಕೆಯನ್ನು ಬಿಚ್ಚಿದರೆ ಹಸಿರು ಕಿಲುಬು ಕಾಣುವ ಸಾಧ್ಯತೆ ಬಹಳ. ಬರಿದೇ ಕೆರೆದು ಬಿಡದೆ ಹಿಡಿಕೆಯನ್ನೇ ಬದಲಿಸಿ, ದಪ್ಪ ವೈರನ್ನು ನೇರವಾಗಿ ಬ್ಯಾಟರಿಯಿಂದ ಎಳೆಯಿರಿ.

ವೋಲ್ಟೇಜು ಸರಿಯಿದ್ದರೆ ಆಂಟೆನಾದ ಕೇಬಲ್ ನೋಡಬೇಕು. ಪ್ಲಗ್ಗಿನ ಹತ್ತಿರ ಹೊದಿಕೆ ಸುಲಿದಾಗ ಒಳಗಿನ ಜಾಲರಿ ಹೊಳೆಯದೆ ಕಪ್ಪಾಗಿದ್ದರೆ ಉಪ್ಪುನೀರು ಒಳಹೊಕ್ಕಿದೆ ಎಂದರ್ಥ; ಹೊಳಪು ಸಿಗುವವರೆಗೆ ಕತ್ತರಿಸಿ, ಸಿಗದಿದ್ದರೆ ಇಡೀ ಕೇಬಲ್ಲನ್ನೇ ಬದಲಿಸಿ. ಎರಡೂ ತುದಿ ಬಿಚ್ಚಿದಾಗ ನಡುವಿನ ತಂತಿಗೂ ಜಾಲರಿಗೂ ಸಂಪರ್ಕ ಇರಕೂಡದು. ಆಂಟೆನಾ ಜೋಡಿಸಿಯೇ ಈ ಪರೀಕ್ಷೆ ಮಾಡಿ ಮೋಸಹೋಗಬೇಡಿ, ಏಕೆಂದರೆ ಕೆಲವು ಆಂಟೆನಾಗಳ ಬುಡದ ಸುರುಳಿಯಿಂದಾಗಿ ಮೀಟರು ಶಾರ್ಟ್ ತೋರಿಸುತ್ತದೆ. ಹೊಸ ಜೋಡಣೆಗೆ ತಾನಾಗಿ ಅಂಟಿಕೊಳ್ಳುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ. ಆಗ ಹಂಚಿನ ಮಾಡಿನಂತೆ ನೀರು ಹೊರಕ್ಕೇ ಜಾರುತ್ತದೆ. ಜೂನ್, ಜುಲೈಯ ಮೀನುಗಾರಿಕೆ ನಿಷೇಧದ ಎರಡು ತಿಂಗಳು ಈ ಕೆಲಸಕ್ಕೆ ಹೇಳಿಮಾಡಿಸಿದ ಕಾಲ.

ಆಂಟೆನಾ ಇಲ್ಲದೆ ಗುಂಡಿ ಒತ್ತಲೇಬೇಡಿ, ಸೆಟ್ಟಿನ ಪವರ್ ಟ್ರಾನ್ಸಿಸ್ಟರ್ ಸುಡಬಹುದು. ಎಸ್‌ಡಬ್ಲ್ಯುಆರ್ ಮೀಟರ್ (ಆಂಟೆನಾಕ್ಕೆ ಹೋದ ಶಕ್ತಿಯಲ್ಲಿ ಎಷ್ಟು ಹಿಂದಕ್ಕೆ ಮರಳುತ್ತದೆ ಎಂದು ತೋರಿಸುವ ಸಾಧನ) ಸಿಕ್ಕಿದರೆ ಅದರ ಓದು 1.5ರೊಳಗೆ ಇರುವುದು ಉತ್ತಮ, 3 ದಾಟಿದರೆ ಮಾತನಾಡಬಾರದು. ಆದರೆ ಮೀಟರು ಈ ಸೆಟ್ ಬಳಸುವ 156 ಮೆಗಾಹರ್ಟ್ಸ್‌ಗೆ ಹೊಂದುವಂಥದ್ದಿರಬೇಕು, 27 ಮೆಗಾಹರ್ಟ್ಸ್‌ನ ಸಿಬಿ (ಜನಸಾಮಾನ್ಯರು ಬಳಸುವ ಬೇರೊಂದು ಬಗೆಯ ರೇಡಿಯೋ) ಮೀಟರನ್ನು ನಂಬಲಾಗದು.

ಎತ್ತರವೂ ಮುಖ್ಯ. ಎರಡೂ ಬೋಟಿನ ಆಂಟೆನಾ ನೀರಿನಿಂದ 4 ಮೀಟರ್ ಮೇಲಿದ್ದರೆ ಸುಮಾರು 16 ಕಿಲೋಮೀಟರ್, 9 ಮೀಟರ್ ಮೇಲಿದ್ದರೆ ಸುಮಾರು 25 ಕಿಲೋಮೀಟರ್ ಮಾತು ಮುಟ್ಟುತ್ತದೆ. ಕಾರವಾರದ ಎದುರಿನ ದೇವಗಡ ದ್ವೀಪದ ಮರೆಯಲ್ಲಿ ನಿಂತವರಿಗೆ ಕೇಳದಿದ್ದರೆ ಅದನ್ನು ಸೆಟ್ಟಿನ ದೋಷವೆಂದು ಎಣಿಸಬೇಡಿ.

ದುರಸ್ತಿ ಮುಗಿದ ಮೇಲೆ ಪರೀಕ್ಷೆಯನ್ನು ನಿಮ್ಮವರು ಬಳಸುವ ಬೇರೆ ಚಾನೆಲ್ಲಿನಲ್ಲಿ ಮಾಡಿ. ಚಾನೆಲ್ 16 ಅಪಾಯ, ಸುರಕ್ಷತೆಯ ಕರೆಗೆ ಮತ್ತು ಒಬ್ಬರನ್ನೊಬ್ಬರು ಮೊದಲು ಕರೆಯುವುದಕ್ಕೆ ಮೀಸಲು. ಅಲ್ಲಿ ಹರಟೆ ಹೊಡೆದರೆ, ನೀರು ನುಗ್ಗುತ್ತಿರುವ ಬೋಟಿನವರ ಕೂಗು ಅದರಡಿ ಮುಚ್ಚಿಹೋಗುತ್ತದೆ.